ಒಗೆದು ಮಡಿಸಿ ಬಂದ ನೀಲಿ ಶಾಲು

"ಬಿಡೋ ಶಾಲು!"

"ಬಿಡಲ್ಲ."

ಆರಿದ ಜ್ವಾಲಾಮುಖಿಯ ಬಾಯಲ್ಲಿ ತುಂಬಿದ ಕಿಲೊಟೋವಾ ಕೆರೆ; ಆ ಬಾಯಂಚಿನ ಕಾಲುದಾರಿ ಅದು. ಒಂದು ಪಕ್ಕದಲ್ಲಿ ಹಸಿರು ನೀರು, ಇನ್ನೊಂದು ಪಕ್ಕದಲ್ಲಿ ಕಣಿವೆ. ಕುರಿ ಅಟ್ಟಿಕೊಂಡು ಬರುತ್ತಿದ್ದ ಲುಸ್ಮಿಲಾಳ ಹೆಗಲಿನಿಂದ ನೀಲಿ ಶಾಲನ್ನು ಸೆಳೆದುಕೊಂಡ ಒಲ್ಮೆದೊ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ದಡಕ್ಕಿಳಿದ ಪ್ರವಾಸಿಗರನ್ನು ಹೇಸರಗತ್ತೆಯ ಮೇಲೆ ಕೂರಿಸಿ ಮೇಲಕ್ಕೆ ತರುವವನು ಅವನು. ಮಾತು ಕಡಿಮೆ.

ಶಾಲು ಸೆಳೆದರೆ ಏನರ್ಥವೆಂದು ಆ ಬೆಟ್ಟದ ಮೇಲೆ ಎಲ್ಲರಿಗೂ ಗೊತ್ತು. ಹುಡುಗಿ ಬೆನ್ನಟ್ಟಿ ಕಿತ್ತುಕೊಂಡರೆ ಇಷ್ಟವಿಲ್ಲ. ಬರಿ ಹೆಗಲಲ್ಲಿ ಮನೆಗೆ ಹೋದರೆ ಒಪ್ಪಿಗೆ. ಆಮೇಲೆ ಹುಡುಗ ತಂದೆತಾಯಿಯೊಡನೆ, ಬ್ರೆಡ್ಡು ಬಾಳೆಹಣ್ಣು ಹೊತ್ತು, ಆ ಶಾಲನ್ನೂ ಹಿಡಿದು ಹೆಣ್ಣು ಕೇಳಲು ಬರಬೇಕು.

"ಚಳಿಯಾಗುತ್ತೆ ಕಣೋ..."

"ಹಾಗಾದ್ರೆ ಬಾ, ಕಿತ್ಕೋ."

ಲುಸ್ಮಿಲಾ ಕುರಿಗಳನ್ನು ತಿರುಗಿಸಿಕೊಂಡು ಮನೆಯ ಕಡೆ ನಡೆದಳು. ಮನೆ ಮುಟ್ಟುವವರೆಗೂ ಹಲ್ಲು ಕಟಕಟ ಎಂದಿತು. ಅಷ್ಟು ಹಿತವಾದ ಚಳಿಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ!

ಆದರೆ ಒಲ್ಮೆದೊ ಬರಲಿಲ್ಲ. ಶಾಲು ಬಂತು.

ಸಂತೆಯಿಂದ ಬಂದ ಅಮ್ಮ ಅದನ್ನು ಮಂಚದ ಮೇಲಿಟ್ಟಳು. ಒಗೆದು, ಇಸ್ತ್ರಿ ಹಾಕಿ, ನೀಟಾಗಿ ಮಡಿಸಿತ್ತು. "ಅವರ ಮನೆಯವರೇ ಕೈಗೆ ಕೊಟ್ಟರು," ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು. ಮಡಿಸಿ ಹಿಂದಿರುಗಿಸಿದ ಶಾಲಿಗೆ ಅಲ್ಲಿ ಒಂದೇ ಅರ್ಥ.

ಬೇಡ.

'ಬೇಡದಿದ್ದರೆ ಬೇಡ... ಒಗೆದು ಬೇರೆ ಕಳಿಸಬೇಕಿತ್ತೇ? ನನ್ನ ವಾಸನೆಯೂ ಬೇಡವಾಯಿತೇ?'

ಲುಸ್ಮಿಲಾ ಆ ಶಾಲನ್ನು ಮತ್ತೆ ಹೊದೆಯಲಿಲ್ಲ. ಅಮ್ಮನೇ ಹೊದ್ದುಕೊಂಡಳು. ದಾರಿಯಲ್ಲಿ ಹೇಸರಗತ್ತೆಯ ಗಂಟೆ ಕೇಳಿದರೆ ಲುಸ್ಮಿಲಾ ಮುಖ ತಿರುಗಿಸುತ್ತಿದ್ದಳು. ಅವನೂ ತಿರುಗಿಸುತ್ತಿದ್ದ. ಅವನಿಗೇನು ಹಕ್ಕು!

ಮಳೆಗಾಲ ಮುಗಿದ ಮೇಲೆ ಮಿಂಗಾ ಕರೆದರು. ಪ್ರತಿ ಮನೆಯಿಂದಲೂ ಬಂದು, ಕೆರೆಯ ಸುತ್ತಲಿನ ದಾರಿಯನ್ನು ಕೂಲಿಯಿಲ್ಲದೆ ಸರಿಮಾಡುವ ಕೆಲಸ. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ. ಕೆರೆಯಾಚೆ ಎರಡೂ ಗುಂಪು ಸೇರಿ ಒಟ್ಟಿಗೆ ಉಣ್ಣಬೇಕು. ಆಮೇಲೆ ಹೋದ ದಾರಿಯಲ್ಲೇ ಮರಳುವಂತಿಲ್ಲ, ಮುಂದಕ್ಕೇ ನಡೆದು ಸುತ್ತು ಮುಗಿಸಬೇಕು. ಇವರ ಕೆಲಸ ಅವರು ನೋಡಿದಂತೆಯೂ ಆಯಿತು, ಅವರದು ಇವರು ನೋಡಿದಂತೆಯೂ ಆಯಿತು.

ಹೊರಡುವ ಮುಂಚೆ ಅಮ್ಮ ಹೇಳಿದಳು: "ಸಂಜೆ ಸುಂಬಾವಾ ಊರಿನ ಹುಡುಗನ ಮನೆಯವರು ನಿನ್ನ ಕೇಳೋಕೆ ಬ್ರೆಡ್ಡು ತಗೊಂಡು ಬರ್ತಾರೆ. ಈ ಸಲ ಹೂಂ ಅಂದುಬಿಡು, ಮಗಳೇ."

"ಅಂತೀನಮ್ಮ."

ಹಾಗೆಂದವಳು ಬೇಯಿಸಿದ ಆಲೂಗಡ್ಡೆಯನ್ನೆಲ್ಲ ನೀಲಿ ಶಾಲಿನಲ್ಲಿ ಗಂಟು ಕಟ್ಟಿದಳು. ಒಲ್ಮೆದೊ ನೋಡಲಿ!

ಹಿರಿಯಳಾದ ಬಾಲ್ವಿನಜ್ಜಿ ಅಂಚಿನಲ್ಲಿ ನಿಂತು ನೀರಿಗೆ ಕೈ ಮುಗಿದಳು. "ತಾಯೀ, ನಿನ್ನ ಸುತ್ತ ಬರ್ತಾ ಇದ್ದೀವಿ. ಕಾಲು ಜಾರಿಸಬೇಡ, ಮನಸ್ಸು ಒಡೆಯಬೇಡ." ಲುಸ್ಮಿಲಾ ಬಲಕ್ಕೆ ಹೊರಟಳು. ಒಲ್ಮೆದೊ ಎಡಕ್ಕೆ. ಗುದ್ದಲಿ ಹಾಕುತ್ತ, ಕೊಚ್ಚಿಹೋದ ಮೆಟ್ಟಿಲಿಗೆ ಕಲ್ಲು ಕೂರಿಸುತ್ತ ಹೋದಂತೆ, ಕೆರೆಯಾಚೆಯ ಅವನ ಕೆಂಪು ಪೊಂಚೊ ಹೊದಿಕೆ ದೊಡ್ಡದಾಗುತ್ತ ಬಂತು.

ಊಟಕ್ಕೆ ನೆಲದ ಮೇಲೆ ಬಟ್ಟೆ ಹಾಸಿದರು. ಎಲ್ಲರೂ ತಂದದ್ದನ್ನು ಅದರ ಮೇಲೆ ಸುರಿದರು. ಅವರೆ, ಜೋಳ, ಹುರಿದ ಬಾರ್ಲಿ ಹಿಟ್ಟು. ಲುಸ್ಮಿಲಾ ಗಂಟು ಬಿಚ್ಚಿದಳು. ಒಲ್ಮೆದೊನ ಮುಖ ಬಾಡಿತು.

ಕಿರುಚಿದ್ದು ಅವನ ಅಕ್ಕ ನಾರ್ಸಿಸಾ. ಚಿಕ್ಕಂದಿನಿಂದ ಕೀತೊ ಪಟ್ಟಣದಲ್ಲೇ ಬೆಳೆದು ಈ ವರ್ಷವಷ್ಟೇ ಊರಿಗೆ ಬಂದವಳು.

"ಅಯ್ಯೋ! ನಾನು ಕಷ್ಟಪಟ್ಟು ಇಸ್ತ್ರಿ ಹಾಕಿದ ಶಾಲಲ್ಲಿ ಆಲೂಗಡ್ಡೆನಾ?"

ಬಟ್ಟೆಯ ಸುತ್ತ ಕೂತವರ ಕೈಗಳೆಲ್ಲ ನಿಂತವು.

"ನೀನಾ?" ಎಂದಳು ಲುಸ್ಮಿಲಾ.

"ಮತ್ತಿನ್ಯಾರು? ಇವನು ಹೇಸರಗತ್ತೆ ಕೊಳ್ಳೋಕೆ ಹೋಗಿದ್ದಾಗ ಹಾಸಿಗೆ ಕೆಳಗೆ ಸಿಕ್ತು. ನೀನು ಹೊದೆಯೋದನ್ನ ನೋಡಿದ್ದೆ, ಮರೆತು ಹೋಗಿರ್ಬೇಕು ಅಂತ ಒಗೆದು, ಸಂತೆಯಲ್ಲಿ ನಿಮ್ಮಮ್ಮನ ಕೈಗೆ ಕೊಟ್ಟೆ. ತಪ್ಪಾ?"

ಬಾಲ್ವಿನಜ್ಜಿ ಹಣೆ ಚಚ್ಚಿಕೊಂಡಳು. "ಪಟ್ಟಣ ನಿನಗೆ ಇಸ್ತ್ರಿ ಹಾಕೋದೊಂದನ್ನೇ ಕಲಿಸ್ತಾ, ಹುಡುಗಿ? ಏಳಿ, ಎಲ್ಲರೂ ಆಚೆ ಹೋಗಿ ಉಣ್ಣಿ!"

ಜನ ನಗುತ್ತ ಸರಿದರು. ಆಲೂಗಡ್ಡೆಯ ಮುಂದೆ ಇಬ್ಬರೇ ಉಳಿದರು.

"ಬಂದು ನೋಡಿದ್ರೆ ಶಾಲಿರಲಿಲ್ಲ," ಎಂದ ಒಲ್ಮೆದೊ, ನೆಲ ನೋಡುತ್ತ. "ಮರುದಿನ ನಿಮ್ಮಮ್ಮನ ಹೆಗಲ ಮೇಲಿತ್ತು. ನೀನೇ ಹೇಳಿ ಕಳಿಸಿ ತರಿಸ್ಕೊಂಡೆ ಅಂದ್ಕೊಂಡೆ."

"ಅಕ್ಕನ್ನ ಒಂದು ಮಾತು ಕೇಳಬಾರದಿತ್ತಾ?"

"ನಾಚಿಕೆ ಆಯ್ತು... ನೀನು ನನ್ನ ಕೇಳಬಾರದಿತ್ತಾ?"

ಲುಸ್ಮಿಲಾಳಿಗೂ ಅದೇ ಆಗಿತ್ತಲ್ಲ! ಕಣ್ಣು ತುಂಬಿ ಬಂತು. ಗಾಳಿಗೆ ಎಂಬಂತೆ ಟೋಪಿಯನ್ನು ಕೆಳಕ್ಕೆಳೆದುಕೊಂಡಳು.

"ಸಂಜೆ ಸುಂಬಾವಾದವರು ಬರ್ತಾರೆ," ಎಂದಳು.

ಅವನು ತಲೆ ಎತ್ತಿದ. "ನೀನೇನು ಹೇಳ್ತೀಯ?"

"ಅವರಿಗಿಂತ ಮುಂಚೆ ಯಾರು ಬಾಗಿಲಲ್ಲಿರ್ತಾರೆ ಅನ್ನೋದರ ಮೇಲಿದೆ."

"ಇವತ್ತೇ? ಬ್ರೆಡ್ಡು ಬಾಳೆಹಣ್ಣು ಎಲ್ಲಿಂದ ತರಲಿ?"

"ನಿಮ್ಮಕ್ಕನಿಗೆ ಹೇಳು. ಕೊಟ್ಟು ಬರೋದರಲ್ಲಿ ಜಾಣೆ."

ಅವನು ನಕ್ಕ. ಆ ನಗುವನ್ನು ನೋಡಿ ಎಷ್ಟು ದಿನವಾಗಿತ್ತು!

ಊಟ ಮುಗಿಯಿತು. ಎರಡು ಗುಂಪುಗಳೂ ತಮ್ಮ ತಮ್ಮ ದಿಕ್ಕಿಗೆ ಎದ್ದವು. ಲುಸ್ಮಿಲಾ ಗುದ್ದಲಿಯನ್ನು ಹೆಗಲಿಗೇರಿಸಿ ಅವನು ರಿಪೇರಿ ಮಾಡಿದ ದಾರಿಯಲ್ಲಿ ನಡೆದಳು. ಕಲ್ಲುಗಳು ಗಟ್ಟಿಯಾಗಿ ಕೂತಿದ್ದವು.

"ಲುಸ್ಮಿಲಾ! ಶಾಲು ಮರೆತೆ!" ಹಿಂದಿನಿಂದ ನಾರ್ಸಿಸಾ ಕೂಗಿದಳು.

ಅವಳು ತಿರುಗಲಿಲ್ಲ, ನಿಲ್ಲಲೂ ಇಲ್ಲ.

"ಮರೆತಿಲ್ಲ," ಎಂದು ಕೂಗಿದಳು. "ಈ ಸಲ ಒಗೀಬೇಡ."