ಮೈದಾನದ ಆ ಕೊನೆ

ಪರದೇಶದ ಶಾಲೆಗೆ ಗಣಿತ ಕಲಿಸಲೆಂದು ಬಂದವಳು, ಮೊದಲ ವಾರದಲ್ಲಿ ನಾನೇ ಕಲಿತದ್ದು ಹೊಟ್ಟೆಕಿಚ್ಚುಪಡುವುದನ್ನು.

ಅದೂ ಯಾರಿಗಾಗಿ? ನನ್ನನ್ನು ಕರೆದೊಯ್ಯಲು ಏರ್‌ಪೋರ್ಟಿಗೆ ಬಂದಿದ್ದ ಸೈನ್ಸ್ ಮೇಷ್ಟ್ರಿಗಾಗಿ. ಇಡೀ ಶಾಲೆಯಲ್ಲಿ ಕನ್ನಡ ಬರುವವರು ಅವರೊಬ್ಬರೇ. ನನ್ನ ಸೂಟ್‌ಕೇಸನ್ನು ಏದುಸಿರು ಬಿಡುತ್ತ ಕಾರಿಗೆ ಏರಿಸುವಾಗ, "ಏನ್ ಮೇಡಂ, ಅಮ್ಮನ್ನೂ ಇದರೊಳಗೇ ಕೂರಿಸ್ಕೊಂಡು ಬಂದಿದೀರಾ?" ಎಂದಿದ್ದರು. ನಗು ಉಕ್ಕಿ ಬಂದರೂ ತುಟಿ ಬಿಗಿಹಿಡಿದೆ. ಆಮೇಲೆ ಬಾಡಿಗೆ ಕೋಣೆಯಲ್ಲಿ, ಹಾಸಿಗೆಗೆ ಚಾದರವನ್ನೂ ಹಾಸದೆ, ಒಬ್ಬಳೇ ಕೂತು ನಕ್ಕಿದ್ದೇ ನಕ್ಕಿದ್ದು.

ಆ ನಗು ಸ್ಟಾಫ್ ರೂಮಿನಲ್ಲಿ ಇಳಿದುಹೋಯಿತು. ಅಲ್ಲಿ ಚಹಾದ ಕೆಟಲ್ ಪಕ್ಕ ಅವರು, ಅವರ ಪಕ್ಕ ಡ್ರಾಯಿಂಗ್ ಟೀಚರ್. ಕೂದಲಿಗೆ ಬ್ರಷ್ ಸಿಕ್ಕಿಸಿಕೊಂಡು, ಬೆರಳಿಗೆಲ್ಲ ನೀಲಿ ಮೆತ್ತಿಕೊಂಡೂ ಚೆಂದ ಕಾಣುವ ಹೆಂಗಸು. ಇಬ್ಬರೂ ತಲೆ ತಗ್ಗಿಸಿ ಗುಸುಗುಸು. ಅವರು ಏನೋ ಬೇಡುವಂತೆ ಕೈ ಜೋಡಿಸುವುದು, ಅವಳು ಆಗುವುದಿಲ್ಲವೆಂದು ಸತಾಯಿಸುವುದು, ಕೊನೆಗೆ ಒಪ್ಪಿ ಅವರ ಭುಜಕ್ಕೊಂದು ಗುದ್ದು. ಮಾರನೇ ದಿನವೂ ಅದೇ. ನಾನು ಒಳಗೆ ಕಾಲಿಟ್ಟರೆ ಮಾತು ಥಟ್ಟನೆ ನಿಲ್ಲುತ್ತಿತ್ತು. ಅವರ ಕಣ್ಣು ಒಮ್ಮೆ ನನ್ನ ಮೇಲೆ ಬಂದು, ಸಿಕ್ಕಿಬಿದ್ದವರಂತೆ ಚಹಾದ ಕಪ್ಪಿಗೆ ಹೋಗಿ ಅವಿತುಕೊಳ್ಳುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿ, ಆ ಟೀಚರ್‌ಗೆ ಬೇರೆ ಕೆಲಸವೇ ಇಲ್ಲವೆಂದೆ, ಶಿಸ್ತೆಂಬುದೇ ಗೊತ್ತಿಲ್ಲವೆಂದೆ. ಪಾಪ, ಆ ನೀಲಿ ಬೆರಳುಗಳನ್ನೂ ಬಿಡಲಿಲ್ಲ. ಎಲ್ಲ ಕೇಳಿಸಿಕೊಂಡ ಅಕ್ಕ, "ಅವಳ ಪುರಾಣ ಸಾಕು. ಮೇಷ್ಟ್ರು ನೋಡೋಕೆ ಹೇಗಿದಾರೆ, ಅದನ್ನ ಹೇಳೇ" ಎಂದಳು. ಸಿಗ್ನಲ್ ಸರಿಯಿಲ್ಲವೆಂದು ಫೋನ್ ಇಟ್ಟುಬಿಟ್ಟೆ.

ಆ ಶಾಲೆಯಲ್ಲೊಂದು ಪದ್ಧತಿ. ಮಕ್ಕಳನ್ನು ಆಟಕ್ಕೆ ಬಿಟ್ಟಾಗ ಇಬ್ಬರು ಟೀಚರುಗಳು ಮೈದಾನದ ಎರಡು ಕೊನೆಗಳಲ್ಲಿ ನಿಂತು ಕಾಯಬೇಕು. ಒಟ್ಟಿಗೆ ನಿಲ್ಲುವಂತಿಲ್ಲ, ಹರಟುವಂತಿಲ್ಲ. ಆ ಡ್ಯೂಟಿಗೆ ನನಗೆ ಜೊತೆಯಾಗಿ ಬಿದ್ದವಳು ಅದೇ ಡ್ರಾಯಿಂಗ್ ಟೀಚರ್. ದಿನಾ ಅವಳ ಮುಖ ನೋಡುತ್ತ ನಿಲ್ಲುವುದೇ? ಹೆಡ್ ಮೇಡಂ ಬಳಿ ಹೋಗಿ, ಚಳಿಗಾಳಿ ನನಗಾಗುವುದಿಲ್ಲವೆಂದು ಸುಳ್ಳು ಹೇಳಿ, ಲೈಬ್ರರಿಗೆ ಹಾಕಿಸಿಕೊಂಡೆ.

ಮರುದಿನ ಲೈಬ್ರರಿಯ ಕಿಟಕಿಯಿಂದ ನೋಡಿದರೆ, ಮೈದಾನದಲ್ಲಿ ಅವಳಿಲ್ಲ. ಸೈನ್ಸ್ ಮೇಷ್ಟ್ರು ಕಿವಿಗೆ ಮಫ್ಲರ್ ಸುತ್ತಿ ನಿಂತಿದ್ದಾರೆ. ಆಚೆ ಕೊನೆಯಲ್ಲಿ, ನನ್ನ ಬದಲಿಗೆ ಬಂದ ದಪ್ಪ ಮೀಸೆಯ ಪಿ.ಟಿ. ಮೇಷ್ಟ್ರು.

"ನಿಮ್ಮವರ ಪಾಡು ನೋಡಿ" ಎಂದು ಯಾರೋ ಇಂಗ್ಲಿಷಿನಲ್ಲಿ ನಕ್ಕರು. ತಿರುಗಿದರೆ ಡ್ರಾಯಿಂಗ್ ಟೀಚರ್, ಹೀಟರ್ ಪಕ್ಕ ಬೆಚ್ಚಗೆ ಕೂತಿದ್ದಾಳೆ. ನನ್ನ ಜೊತೆ ಬಿದ್ದಿದ್ದ ಅವಳ ಡ್ಯೂಟಿಗಳನ್ನೆಲ್ಲ ಸೈನ್ಸ್ ಮೇಷ್ಟ್ರು ದಿನಕ್ಕೊಂದರಂತೆ ಕಾಡಿ ಬೇಡಿ ತಮಗೆ ಬದಲಾಯಿಸಿಕೊಂಡಿದ್ದರಂತೆ. ನಾನು ನೋಡಿದರೆ ಇಲ್ಲಿ ಬಂದು ಕೂತಿದ್ದೇನೆ. ತನ್ನ ಗಂಡನೂ ಮದುವೆಗೆ ಮುಂಚೆ ಹೀಗೇ ಪೆದ್ದನಾಗಿದ್ದನೆಂದಳು.

ನನಗೆ ನಾಚಿಕೆ, ಸಂತೋಷ, ಇನ್ನೂ ಸ್ವಲ್ಪ ಕೋಪ. ಮೂರನ್ನೂ ಹೊತ್ತುಕೊಂಡು, ಕೋಟು ಹಾಕಿಕೊಳ್ಳುವುದನ್ನೂ ಮರೆತು ಮೈದಾನಕ್ಕೆ ನಡೆದೆ.

"ನಿಮಗೆ ಚಳಿಗಾಳಿ ಆಗಲ್ವಂತಲ್ಲ ಮೇಡಂ?" ಎಂದರು ಸೈನ್ಸ್ ಮೇಷ್ಟ್ರು, ನನ್ನ ಮುಖ ನೋಡದೆ. ದನಿಯಲ್ಲಿ ಮುನಿಸಿತ್ತು.

ಸುಮ್ಮನಿದ್ದು ಮನಸ್ಸಿನಲ್ಲೇ ಮಾತಾಡುವುದು ನನ್ನ ಅಭ್ಯಾಸ. ಈಗಲೂ ಹಾಗೇ ಮಾಡಿದರೆ ನಾಳೆಯಿಂದ ಇವರು ಮೈದಾನಕ್ಕೇ ಬರುವುದಿಲ್ಲ.

"ಚಳಿಗಾಳಿ ಆಗತ್ತೆ. ನೀವು ಡ್ರಾಯಿಂಗ್ ಟೀಚರ್ ಜೊತೆ ಗುಸುಗುಸು ಅನ್ನೋದು ನನಗೆ ಆಗ್ತಿರಲಿಲ್ಲ."

ಅವರು ತಿರುಗಿದರು. ಕಣ್ಣು ನನ್ನ ಮೇಲೆ ಬಂತು. ಈ ಸಲ ಎಲ್ಲಿಗೂ ಓಡಲಿಲ್ಲ. ಮಫ್ಲರಿನಿಂದ ಹೊರಗೆ ಇಣುಕಿದ್ದ ಕಿವಿತುದಿ ಕೆಂಪಾಗಿತ್ತು, ಚಳಿಗೇ ಇರಬೇಕು.

"ಡ್ಯೂಟೀಲಿ ಮಾತಾಡೋ ಹಾಗೇ ಇಲ್ಲ" ಎಂದೆ. "ಆ ಕೊನೇಲಿ ನಾನು, ಈ ಕೊನೇಲಿ ನೀವು. ಬದಲಾಯಿಸ್ಕೊಂಡು ಏನು ಸಿಗ್ತಿತ್ತು ನಿಮಗೆ?"

"ನೋಡ್ತಾ ನಿಂತಿರಬಹುದಿತ್ತಲ್ಲ" ಎಂದರು ಮೆಲ್ಲಗೆ.

ದೂರದಿಂದ ಪಿ.ಟಿ. ಮೇಷ್ಟ್ರು ನಮ್ಮಿಬ್ಬರತ್ತಲೇ ಸೀಟಿ ಊದಿದರು. ನಾನು ಓಡುನಡಿಗೆಯಲ್ಲಿ ಮೈದಾನ ದಾಟಿ, ಇದು ನನ್ನದೇ ಡ್ಯೂಟಿ, ನೀವು ಒಳಗೆ ಹೋಗಿ ಎಂದು ಪಿ.ಟಿ. ಮೇಷ್ಟ್ರನ್ನು ಕಳಿಸಿ, ಆ ಕೊನೆಯಲ್ಲಿ ನಿಂತೆ.

ಬೆಲ್ ಹೊಡೆಯುವವರೆಗೂ ಒಂದು ಮಗುವನ್ನೂ ನಾನು ನೋಡಿಕೊಳ್ಳಲಿಲ್ಲ.