ಏಳನೆಯ ಕಾಗದ

ಗುರುದತ್ತನಿಗೆ ಕಾನ್ರಾಡ್ ಪಿಂಟೊನ ಮೇಲೆ ದ್ವೇಷವಿರಲಿಲ್ಲ. ದ್ವೇಷವಿದ್ದದ್ದು ಕಾನ್ರಾಡನ ಅಜ್ಜನ ಮೇಲೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಗಡಿಯ ಕಾಡಿನೊಳಗೆ ಗಾಯಾಳುಗಳ ಸ್ಟ್ರೆಚರ್ ಹೊತ್ತಿದ್ದ ಆ ಮಂಗಳೂರಿನ ಮನುಷ್ಯ ಸತ್ತು ಮೂವತ್ತು ವರ್ಷವಾದರೂ ಸುಮ್ಮನಿರಲಿಲ್ಲ. ಯುದ್ಧದಲ್ಲಿ ಮಡಿದವರನ್ನು ಇಲ್ಲಿನವರು ನೆನೆಯುವ ಆನ್‌ಜ್ಯಾಕ್ ದಿನದ ಬೆಳಿಗ್ಗೆ ಕ್ವೇಕರ್ಸ್ ಹಿಲ್‌ನಲ್ಲಿ ಕಾನ್ರಾಡ್ ಅಜ್ಜನ ಮೂರು ಪದಕಗಳನ್ನು ಇಲ್ಲಿನ ಪದ್ಧತಿಯಂತೆ ಎದೆಯ ಬಲಕ್ಕೆ ಸಿಕ್ಕಿಸಿಕೊಂಡು ನಿಂತ. ಬಿಳಿಯ ಮುದುಕರು ಸಾಲುಗಟ್ಟಿ ಅವನ ಕೈಕುಲುಕಿದರು. ಮೂರು ಚುನಾವಣೆಗಳಿಂದ ಪಕ್ಷದ ಕರಪತ್ರ ಹಂಚಿ, ಪಕ್ಷದ ಪ್ರತಿ ಬಾರ್ಬೆಕ್ಯೂನಲ್ಲೂ ಮೂಗು ಮುಚ್ಚಿಕೊಂಡು ಪರರ ಸಾಸೇಜ್ ತಿರುವಿಹಾಕಿದ್ದ ಸಸ್ಯಾಹಾರಿ ಗುರುದತ್ತನ ಕೈಯನ್ನು ಯಾರೂ ಕುಲುಕಲಿಲ್ಲ.

ವಾರ ಕಳೆಯುವುದರೊಳಗೆ ಪಕ್ಷದ ಸ್ಥಳೀಯ ಕಾರ್ಯದರ್ಶಿ ಪ್ರತಾಪ್ ಫೋನ್ ಮಾಡಿದ. "ಗುರು, ಬೇಜಾರ್ ಮಾಡ್ಕೋಬೇಡಿ. ಕೌನ್ಸಿಲ್ ಸೀಟಿಗೆ ಕಾನ್ರಾಡ್ ಹೆಸರು ಓಡ್ತಾ ಇದೆ. ವಾರ್ ಫ್ಯಾಮಿಲಿ ಅಂದ್ರೆ ಇಲ್ಲಿ ಜನ ಕರಗಿ ಹೋಗ್ತಾರೆ. ನಿಮ್ಮ ಕಡೆ ಯಾರಾದ್ರೂ ಇದ್ರಾ ಯುದ್ಧದಲ್ಲಿ?"

"ಇದ್ರಲ್ಲ," ಎಂದ ಗುರುದತ್ತ. "ನಮ್ಮ ಚಿಕ್ಕಜ್ಜ. ಅಲ್ಲೇ ತೀರಿಕೊಂಡ್ರು."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಚಿಕ್ಕಜ್ಜ ಶೇಷಗಿರಿಗೂ ಯುದ್ಧಕ್ಕೂ ಸಂಬಂಧ ಇಲ್ಲದಿರಲಿಲ್ಲ. ಯುದ್ಧಪ್ರಚಾರದ ವ್ಯಾನಿನಲ್ಲಿ ಕುಳಿತು ಹಳ್ಳಿ ಹಳ್ಳಿ ಸುತ್ತಿ, ಮೈಕು ಹಿಡಿದು, "ಸೈನ್ಯ ಸೇರಿ, ಗೆಲುವು ನಮ್ಮದೇ" ಎಂದು ಕೂಗುವ ಕೆಲಸ ಅವನದು. ಕೇಳಿದವರು ಸೇರಿದರು. ಶೇಷಗಿರಿ ಸೇರಲಿಲ್ಲ, ಊರಿನಲ್ಲೇ ಟೈಫಾಯ್ಡ್ ಬಂದು, ಮದುವೆಯಾಗದೆ, ಮೈಕಿಗಿಂತ ದೊಡ್ಡದೇನನ್ನೂ ಹಿಡಿಯದೆ ಸತ್ತ. ಇದನ್ನು ಬಲ್ಲವರು ಈಗ ಯಾರೂ ಉಳಿದಿಲ್ಲ. ಹೆಣಕ್ಕೆ ಸಮವಸ್ತ್ರ ತೊಡಿಸಿದರೆ ಹೆಣವೇನು ಬೇಡ ಎನ್ನುತ್ತದೆಯೇ?

ಅವಕಾಶ ಮೆಲ್ಬರ್ನ್‌ನಿಂದ ಬಂತು. ಅಲ್ಲಿ ಬಾಕ್ಸ್ ಹಿಲ್‌ನಲ್ಲಿ ಮಹಾಶ್ವೇತಾ ಎಂಬ ಇತಿಹಾಸದ ಸಂಶೋಧಕಿ, ಮಹಾಯುದ್ಧದ ಕಾಲದ ಕನ್ನಡ ಮನೆಗಳ ಬಗ್ಗೆ ಒಂದು ಪ್ರದರ್ಶನ ಏರ್ಪಡಿಸುತ್ತಿದ್ದಳು. ಸರ್ಕಾರ ಏನು ಕೂಗಿತು, ಮನೆಯವರು ಏನು ಬರೆದುಕೊಂಡರು ಎಂಬುದು ಅವಳ ವಿಷಯ. ಹಳೆಯ ಕಾಗದಗಳಿದ್ದರೆ ಕೊಡಿ ಎಂದು ಕೇಳಿದ್ದಳು. ಮೆಲ್ಬರ್ನ್‌ನಲ್ಲೇ ಹುಟ್ಟಿದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಹಳಬರ ಕೂಡುಬರಹದ ಮೋಡಿ ಅಕ್ಷರ ಓದಲು ಬರುವುದಿಲ್ಲ. ಓದಿಕೊಡುವುದಕ್ಕೆ ಎಂಬತ್ತಾರು ವರ್ಷದ ಅಜ್ಜಿ ಅಹಲ್ಯಾ ಇದ್ದರು. ವಿಡಿಯೊ ಕಾಲ್‌ನಲ್ಲಿ ಗುರುದತ್ತ ಅವರನ್ನು ನೋಡಿದ. ದಪ್ಪ ಕನ್ನಡಕ ಹಾಕಿಕೊಂಡು ಕರಿಬೇವು ಬಿಡಿಸುತ್ತಿದ್ದರು. "ನಮಸ್ಕಾರ ಅಜ್ಜಿ," ಎಂದು ಕೈಮುಗಿದು ಅವರನ್ನು ಲೆಕ್ಕದಿಂದ ಬಿಟ್ಟುಬಿಟ್ಟ.

ಅವನು ಹೆದರಿದ್ದು ಮಹಾಶ್ವೇತೆಯ ಭೂತಗನ್ನಡಿಗೆ. ಅವಳು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರಬೇಕಿತ್ತು. ಹಳೆಯದಾಗಿ ಕಾಣಲೆಂದು ಟೀ ಡಿಕಾಕ್ಷನ್‌ನಲ್ಲಿ ಕಾಗದ ಅದ್ದುವುದು ದಡ್ಡರ ಕೆಲಸ. ಅವನು ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಆ ಕಾಲದ ಶಾಲಾ ರಿಜಿಸ್ಟರ್‌ಗಳನ್ನು ತರಿಸಿ ಕೊನೆಯ ಖಾಲಿ ಹಾಳೆಗಳನ್ನು ಕಿತ್ತ. ಶಾಯಿಪುಡಿ ಕಲಸಿ, ನಿಬ್ಬಿನ ಪೆನ್ನಿನಲ್ಲಿ, ಮನೆಯ ಹಳೆಯ ಜಾತಕಗಳ ಕೈಬರಹವನ್ನು ಮೂರು ತಿಂಗಳು ತಿದ್ದಿದ. ಚಿಕ್ಕಜ್ಜನು ತಾಯಿಗೆ ಬರೆದಂತೆ ಆರು ಕಾಗದ ಬರೆದ. ಅವುಗಳಲ್ಲಿ ಶೌರ್ಯದ ಸುದ್ದಿಯೇ ಇಲ್ಲ. ಹೇನು, ಜಿಗಣೆ, ಡಬ್ಬಿಯ ಹಾಲು, ತಂಗಿಯ ಮದುವೆ ಎಲ್ಲಿಗೆ ಬಂತು ಎಂಬ ಚಿಂತೆ. ಎರಡು ಕಡೆ ಇಡೀ ಸಾಲಿಗೆ ಮಸಿ ಬಳಿದ, ಸೈನ್ಯದ ಸೆನ್ಸಾರ್ ಬಳಿದಂತೆ. ಆ ಸಾಲುಗಳ ಅಡಿಯಲ್ಲಿ ಏನೂ ಬರೆದಿರಲಿಲ್ಲ. ಅದನ್ನು ನೆನೆದು ಒಬ್ಬನೇ ನಕ್ಕ.

ಏಳನೆಯದು ಅವನ ಹೆಮ್ಮೆ. ಚಿಕ್ಕಜ್ಜನ ಜೊತೆಗಾರ ಪಂಚಾಕ್ಷರಯ್ಯ ಎಂಬ ಇಲ್ಲದ ಸಿಪಾಯಿ ತಾಯಿಗೆ ಸಾವಿನ ಸುದ್ದಿ ತಿಳಿಸುವ ಕಾಗದ. "ನಿಮ್ಮ ಮಗ ಗುಂಡು ತಗುಲಿ ಬಿದ್ದಾಗ ಇನ್ನೂ ಜೀವವಿತ್ತು. ಸ್ಟ್ರೆಚರಿನವನಾದ ಮಂಗಳೂರಿನ ಪಿಂಟೊ ಎಂಬಾತನು ಅವನನ್ನು ಅಲ್ಲಿಯೇ ಬಿಟ್ಟು ಓಡಿದನು." ಒಂದೇ ಏಟಿಗೆ ತನ್ನ ಚಿಕ್ಕಜ್ಜ ಹುತಾತ್ಮ, ಅವನ ಅಜ್ಜ ಹೇಡಿ. ಎಂಥ ನೀಚ ಕೆಲಸ ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಎಷ್ಟು ಅಚ್ಚುಕಟ್ಟು ಎಂದಷ್ಟೇ ಅನ್ನಿಸಿತು.

ಕಾಗದಗಳು ಎಂಬತ್ತು ವರ್ಷ ಉಳಿದದ್ದಕ್ಕೂ ಕಾರಣ ಬೇಕಲ್ಲ. ಮುತ್ತಜ್ಜಿ ಪ್ರತಿ ಕಾಗದವನ್ನೂ ಓದಿಸಿ ಕೇಳಿ, ಮೂಲೆಗಳಿಗೆ ಅರಿಶಿನ ಹಚ್ಚಿ, ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದರು ಎಂದು ಕತೆ ಕಟ್ಟಿದ. ಒಂದು ಶುಕ್ರವಾರ ಮನೆಯಿಂದಲೇ ಆಫೀಸ್ ಕೆಲಸ ಮಾಡುವ ನೆವದಲ್ಲಿ ಹತ್ತಿಯುಂಡೆ ಹಿಡಿದು ಕುಳಿತಿದ್ದಾಗ ಹೆಂಡತಿ ಸುಜಾತಾ ಬೇಗನೆ ಮನೆಗೆ ಬಂದಳು. ಅವನು ಲ್ಯಾಪ್‌ಟಾಪನ್ನು ಹಾಳೆಗಳ ಮೇಲಿಟ್ಟ.

"ಏನ್ರೀ, ಅರಿಶಿನದ ಬಟ್ಟಲು ಟೇಬಲ್ ಮೇಲೆ?"

"ಪ್ರತಾಪ್ ಮನೆ ಗೃಹಪ್ರವೇಶದ ಕಾರ್ಡು. ಹಚ್ಚಿಕೊಡಿ ಅಂದ."

"ಹಾಗಾದ್ರೆ ನಾಲ್ಕೂ ಮೂಲೆಗೆ ಹಚ್ಚಿ. ಶುಭದ್ದು, ಅರ್ಧಂಬರ್ಧ ಮಾಡಬೇಡಿ."

ಹೆಂಗಸರಿಗೆ ಇಂಥವೆಲ್ಲ ಚೆನ್ನಾಗಿ ಗೊತ್ತಿರುತ್ತದೆ ಎಂದುಕೊಂಡು ಅವನು ಏಳೂ ಕಾಗದಗಳ ನಾಲ್ಕೂ ಮೂಲೆಗೆ ಹಚ್ಚಿದ. ಆಮೇಲೆ ಮ್ಯಾಕ್ವೆರಿ ಪಾರ್ಕ್‌ನ ತನ್ನ ಆಫೀಸಿನ ಮುಂದೆ, ಇಲ್ಲಿ ಕಡುಬೇಸಿಗೆಯಾದ ಜನವರಿಯ ಬಿಸಿಲಿನಲ್ಲಿ, ಕಾರಿನ ಗಾಜಿನಡಿ ಹದಿನೈದು ದಿನ ಒಣಗಿಸಿದ. ಶಾಯಿ ಕಂದಿತು, ಅರಿಶಿನ ಮಾಸಿತು. ಕಾಗದಗಳು ಅಸಲಿ ಎಂದು, ಸಾಕ್ಷಿ ಸಹಿಗೆಂದು ಸರ್ಕಾರ ನೇಮಿಸಿದ ಜೆಪಿಯ ಮುಂದೆ, ಪ್ರಮಾಣಪತ್ರಕ್ಕೆ ಸಹಿ ಹಾಕಿದ. ಸುಳ್ಳಾದರೆ ಜೈಲು ಎಂದು ಕೆಳಗೆ ಅಚ್ಚಾಗಿತ್ತು. ಅದು ಪೆದ್ದರಿಗೆ ಬರೆದದ್ದು ಎಂದುಕೊಂಡ. ಮಹಾಶ್ವೇತೆಗೆ ಮೊದಲು ಕಪ್ಪು ಬಿಳುಪಿನ ಜೆರಾಕ್ಸ್, ಮುತ್ತಜ್ಜಿಯ ಪೆಟ್ಟಿಗೆಯ ಕತೆ ಮತ್ತು ತಾನೇ ಮಾಡಿದ ಇಂಗ್ಲಿಷ್ ಅನುವಾದ ಕಳಿಸಿದ. ಪ್ರತಾಪನಿಗೂ ಕಾನ್ರಾಡನಿಗೂ ಒಂದೊಂದು ಪ್ರತಿ, "ಮನಸ್ಸಿಗೆ ಕಷ್ಟವಾದರೂ" ಎಂಬ ಟಿಪ್ಪಣಿಯೊಡನೆ.

ಕಾನ್ರಾಡ್ ಅವತ್ತೇ ಫೋನ್ ಮಾಡಿದ. ಧ್ವನಿ ಬಿದ್ದುಹೋಗಿತ್ತು. "ಗುರು, ನಮ್ಮ ಅಜ್ಜ ಯುದ್ಧದ್ದು ಮಾತೇ ಆಡ್ತಾ ಇರ್ಲಿಲ್ಲ. ಇದಕ್ಕೇ ಇರ್ಬೇಕು ಮಾರಾಯ. ನಿಮ್ಮ ಒರಿಜಿನಲ್ ಒಂದು ಸಲ ಕಣ್ಣಾರೆ ನೋಡ್ತೇನೆ. ನಿಜ ಆದ್ರೆ ಇನ್ನು ನಾನು ಆ ಮೆಡಲ್ ಮುಟ್ಟೋದಿಲ್ಲ. ಸೀಟೂ ಬೇಡ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಎಂದುಕೊಂಡ ಗುರುದತ್ತ. ಜಗಳಕ್ಕೂ ಬಾರದ ಎದುರಾಳಿಯ ಬಗ್ಗೆ ಅವನಿಗೆ ತಿರಸ್ಕಾರವೇ ಹುಟ್ಟಿತು.

ಪ್ರದರ್ಶನದ ಶನಿವಾರ ಅಸಲುಗಳನ್ನು ತಾನೇ ವಿಮಾನದಲ್ಲಿ ಒಯ್ದ. ಸುಜಾತಾ ರೇಷ್ಮೆ ಸೀರೆ ಉಟ್ಟು ಜೊತೆಗೆ ಬಂದಳು. ಮುಂದಿನ ಕೌನ್ಸಿಲರ್‌ನ ಹೆಂಡತಿ ಫೋಟೊದಲ್ಲಿರಬೇಕಲ್ಲ. ಬಾಕ್ಸ್ ಹಿಲ್‌ನ ಸಭಾಂಗಣದಲ್ಲಿ ಮಹಾಶ್ವೇತಾ ಭೂತಗನ್ನಡಿ ಹಿಡಿದು ಕಾಗದ, ಶಾಯಿ, ಮಸಿ ಬಳಿದ ಸಾಲು ಎಲ್ಲ ನೋಡಿದಳು. "ಓ ಮೈ ಗಾಡ್ ಅಂಕಲ್, ದಿಸ್ ಟರ್ಮರಿಕ್! ಸೋ ಬ್ಯೂಟಿಫುಲ್," ಎಂದಳು. ಗೆದ್ದೆ ಎಂದುಕೊಂಡ. ಪ್ರತಾಪ್ ಮೊದಲ ಸಾಲಿನಲ್ಲಿದ್ದ. ಕಾನ್ರಾಡ್ ಕೊನೆಯ ಸಾಲಿನಲ್ಲಿ, ಪದಕಗಳಿಲ್ಲದೆ, ತಲೆ ತಗ್ಗಿಸಿ ಕೂತಿದ್ದ.

ಅಹಲ್ಯಾ ಅಜ್ಜಿ ಮೈಕಿನ ಮುಂದೆ ಕುಳಿತು ಆರು ಕಾಗದಗಳನ್ನು ಓದಿದರು. ಸಭೆ ಮೂಗೊರೆಸಿಕೊಂಡಿತು. ಏಳನೆಯದನ್ನು ಕೈಗೆತ್ತಿಕೊಂಡು, "ನಿಮ್ಮ ಮಗ" ಎಂಬಲ್ಲಿಗೆ ನಿಂತರು. ಕನ್ನಡಕ ಸರಿಪಡಿಸಿಕೊಂಡು ಹಾಳೆಯ ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದರು. "ಇದೇನಪ್ಪಾ ಇದು? ಸಾವಿನ ಕಾಗದ ಬಂದ್ರೆ ಹೊಸಿಲಾಚೆ ನಿಂತು ಓದಿ, ಅಲ್ಲೇ ಹರಿದುಹಾಕಿ, ತಲೆಗೆ ನೀರು ಹಾಕ್ಕೊಂಡು ಒಳಗೆ ಬರ್ತಿದ್ವಿ. ಒಂದು ಚೂರೂ ಮನೇಲಿ ಇಟ್ಕೋತಿರ್ಲಿಲ್ಲ. ಹೆತ್ತ ಮಗ ಸತ್ತ ಸುದ್ದಿಗೆ ನಿಮ್ಮ ಮುತ್ತಜ್ಜಿ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಕೊಂಡ್ರಾ?" ಮಹಾಶ್ವೇತಾ ತಲೆಯೆತ್ತಿದಳು. ಕೊನೆಯ ಸಾಲಿನಲ್ಲಿ ಕಾನ್ರಾಡನೂ ತಲೆಯೆತ್ತಿದ. ಗುರುದತ್ತ ಬಾಯಿ ತೆರೆದ. ಮುತ್ತಜ್ಜಿಗೆ ಮಗನ ದುಃಖದಲ್ಲಿ ಬುದ್ಧಿ ಭ್ರಮಣೆಯಾಗಿತ್ತು ಎನ್ನುವ ಒಳ್ಳೆಯ ಸುಳ್ಳೊಂದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪ್ರತಾಪನ ಪಕ್ಕದಲ್ಲಿ ಕುಳಿತಿದ್ದ ಸುಜಾತಾ ಏಳನೆಯ ಕಾಗದದ ಹಳದಿ ಮೂಲೆಗಳನ್ನೇ ದಿಟ್ಟಿಸುತ್ತಾ, ಇಡೀ ಸಭೆಗೆ ಕೇಳುವಂತೆ, "ಅಯ್ಯೋ ರೀ, ಅವತ್ತು ನೀವು ಪ್ರತಾಪ್ ಮನೆ ಗೃಹಪ್ರವೇಶದ ಕಾರ್ಡಿಗೆ ಅಂದ್ರಲ್ಲಾ!" ಎಂದಳು.