ಕಣ್ಣಲ್ಲೇ ಬೈದವಳು

ಬಸವಪ್ರಭು ಆಸ್ಪತ್ರೆಯ ಕೋಣೆಯೊಳಗೆ ಕಾಲಿಟ್ಟಿದ್ದೇ ತಡ, ದಾಕ್ಷಾಯಿಣಿಗೆ ಮೈಯೆಲ್ಲ ಉರಿದುಹೋಯಿತು.

ಇಪ್ಪತ್ತು ದಿನ! ಮದುವೆ ನಿಶ್ಚಯವಾದ ಹುಡುಗಿ ಹುಬ್ಬಳ್ಳಿಯಲ್ಲಿ ಹಾಸಿಗೆ ಹಿಡಿದು ಬಿದ್ದಿದ್ದರೆ, ಈ ಮಹಾಶಯ ಇಪ್ಪತ್ತು ದಿನ ಮುಖ ತೋರಿಸಿರಲಿಲ್ಲ!

'ಈಗ ಯಾಕ ಬಂದ್ರಿ? ಬದುಕ್ಯಾಳೋ ಸತ್ತಾಳೋ ನೋಡಾಕ?'

ಮಾತು ಹೊರಬೀಳಲಿಲ್ಲ. ನಾಲಿಗೆ ಹೊರಳುತ್ತಿರಲಿಲ್ಲ, ಕೈಕಾಲು ಅಲುಗುತ್ತಿರಲಿಲ್ಲ. ಉಳಿದಿದ್ದು ಕಣ್ಣು ಮಾತ್ರ. ಆ ಕಣ್ಣಲ್ಲೇ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಮದುವೆ ಸುಸೂತ್ರವಾಗಲೆಂದು ಹರಕೆ ಹೊತ್ತು ಶ್ರಾವಣವಿಡೀ ಉಪ್ಪು ಬಿಟ್ಟಿದ್ದಳು. ಹಸಿವಾದಾಗೆಲ್ಲ ತಂಬಿಗೆಗಟ್ಟಲೆ ನೀರು ಕುಡಿದಿದ್ದಳು. ರಕ್ತದಲ್ಲಿ ಸೋಡಿಯಂ ಪಾತಾಳಕ್ಕಿಳಿದು ಎಚ್ಚರ ತಪ್ಪಿತು. ಸಲೈನ್ ಏರಿಸಿದ ಮೇಲೆ ಎದ್ದು ಕೂತು ನಕ್ಕಿದ್ದಳು ಕೂಡ! ನಾಲ್ಕನೆಯ ದಿನ ಮಾತು, ಕೈಕಾಲು ಎಲ್ಲ ನಿಂತುಹೋಯಿತು. ಸೋಡಿಯಂ ಒಮ್ಮೆಲೇ ಏರಿ, ಮಿದುಳಿನ ಬುಡದ ನರಗಳ ಹೊದಿಕೆ ಕೆಟ್ಟಿದೆ ಎಂದರು ಡಾಕ್ಟರು. ಒಮ್ಮೆಲೇ ಹೇಗೆ ಏರಿತು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

"ನಾನ ಮಾಡಿದ್ದು..." ಬಸವಪ್ರಭು ಮಂಚದ ಕಾಲಬದಿಗೇ ನಿಂತ. "ನಿಧಾನ ಏರಸ್ತೇವಿ, ಎರಡು ಮೂರು ದಿನ ಬೇಕು ಅಂತ ಡಾಕ್ಟರು ಅಂದಿದ್ರು. ಹತ್ತಿ ವ್ಯಾಪಾರದ ಮಂದಿ ನಾವು, ಎಲ್ಲಾದಕ್ಕೂ ಅವಸರ... ನೀ ಎಚ್ಚರ ತಪ್ಪಿದ್ದ ದಿನ, ನರ್ಸ್ ಆಕಡಿ ಹೋದಾಗ ಸಲೈನಿನ ಹನಿ ತಡಿಯೋ ಗಾಲಿ ಪೂರಾ ತಿರುವಿಬಿಟ್ಟೆ. ಬಾಟ್ಲಿ ಲಗೂ ಮುಗದ್ರ ನೀ ಲಗೂ ಏಳ್ತಿ ಅಂತ... ನೀ ಹಿಂಗಾದ ಮ್ಯಾಲ ಯಾವ ಮುಖ ಇಟ್ಕೊಂಡು ಬರ್ಲಿ ಹೇಳು?"

ಕೈಬಿಟ್ಟು ಹೋದನೆಂದುಕೊಂಡಿದ್ದಳು. ಇದು ಅದಕ್ಕಿಂತ ಘೋರ! ದಾಕ್ಷಾಯಿಣಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ಅವಳ ಅಪ್ಪ ಮಹಾಂತಯ್ಯ ಅವನ ಕೊರಳಪಟ್ಟಿ ಹಿಡಿದು ಹೊರದಬ್ಬಿದರು. ಮರುದಿನ ಮತ್ತೆ ಬಂದ. ಬೈಸಿಕೊಂಡ, ಬಾಗಿಲ ಹೊರಗೆ ಕೂತ. ಹೀಗೇ ಎರಡು ತಿಂಗಳು!

ಅವಳ ಬೆರಳು ಆಡಿದವು, ಕತ್ತು ನೆಟ್ಟಗೆ ನಿಂತಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಒಂದು ದಿನ ಅವನು ಬರುವುದು ತಡವಾಯಿತು. ಅವಳ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ. ಅದಕ್ಕೂ ಅವನ ಮೇಲೇ ಸಿಟ್ಟು ಬಂತು!

ಕೊನೆಗೆ ಅವನು ಬಂದಾಗ ಮಹಾಂತಯ್ಯ ನಿಶ್ಚಯದ ಉಂಗುರವನ್ನು ಅವನ ಕೈಗಿಟ್ಟರು.

"ಸಂಬಂಧ ಮುಗೀತು. ಇನ್ನ ಬರಬ್ಯಾಡ್ರಿ."

ಬಸವಪ್ರಭು ತಲೆ ತಗ್ಗಿಸಿ ತಿರುಗಿದ.

"ಎಲ್ಲಿ... ಹೊಂ...ಟ್ರಿ?"

ಕಾಯಿಲೆ ಬಿದ್ದ ಮೇಲೆ ದಾಕ್ಷಾಯಿಣಿ ಆಡಿದ ಮೊದಲ ಮಾತು! ಮಹಾಂತಯ್ಯ ಮಂಚದ ಹತ್ತಿರ ಓಡಿ ಬಂದರು.

"ನನ್ನ... ಸಿಟ್ಟು... ಇನ್ನೂ ಮುಗದಿಲ್ಲ."

"ಬೈ, ದಾಕ್ಷಾಯಿಣಿ... ಜನ್ಮಪೂರ್ತಿ ಬೈ. ನನಗ ನೀ ಬೇಕು!"

ಅವಳ ಕಣ್ಣೀರು ಕೆನ್ನೆಗಿಳಿಯಿತು. ಒರೆಸಿಕೊಳ್ಳಲು ಕೈ ಮೇಲೇಳಲಿಲ್ಲ. ಅವನೇ ಅಂಜುತ್ತ ಒರೆಸಿದ.

"ನಾಳೆ ಬರ್ಲೇನು?"

"ನಾಳೆ... ಯಾಕ? ಈಗ... ಕುಂದರ್ರಿ."